ಶಾಪ ಯಾರಿಗೆ?

ಪೀಣ್ಯದಲ್ಲಿ ನವೆಂಬರ್ ಬಂತೆಂದರೆ ಕಾರ್ಖಾನೆಗಳ ಗೇಟಿನ ಮುಂದೆ ಕೆಂಪು-ಹಳದಿ ಬಾವುಟ, ಭುವನೇಶ್ವರಿಯ ಪಟ, ಅದರ ಪಕ್ಕದಲ್ಲೇ ರಾಜ್‌ಕುಮಾರ್. 1990ರ ದಶಕದ ಆರಂಭದಲ್ಲಿ ಅಂಥದ್ದೇ ಒಂದು ರಾತ್ರಿ, ಅಬ್ಬಾ ಲೇಥ್ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಬಯಲಲ್ಲಿ ಪರದೆ ಕಟ್ಟಿ ‘ಕವಿರತ್ನ ಕಾಳಿದಾಸ’ ತೋರಿಸಿದರು. ರೇಣುಕಾ ಶರ್ಮಾ ನಿರ್ದೇಶಿಸಿದ 1983ರ ಚಿತ್ರ ಅದು. ಕಾಳಿದಾಸನಾದ ರಾಜ್‌ಕುಮಾರ್ ಅವರೇ ದುಷ್ಯಂತ. ವಿದ್ಯಾಧರೆಯಾದ ಜಯಪ್ರದಾ ಅವರೇ ಶಕುಂತಲೆ. ನಾವು ಮಕ್ಕಳು ಬಾಯಿ ತೆರೆದುಕೊಂಡು ನೋಡುತ್ತಿದ್ದೆವು.

ಪಕ್ಕದ ಮನೆಯ ಅಕ್ಕ ಅಮ್ಮಿಯ ಜೊತೆ ಚಾಪೆಯ ಮೇಲೆ ಕೂತಿದ್ದಳು. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಅವಳ ಕೆಲಸ. ಮದುವೆಯಾದವನು ಊರಿಗೆ ಹೋಗಿ ಬರುತ್ತೇನೆಂದು ಹೋದವನು ಬಂದಿರಲಿಲ್ಲ. ಅವಳು ಮೆಲ್ಲಗೆ ಹೇಳಿದಳು: “ಶಾಪ ಕೊಟ್ಟಿದ್ದು ಅವಳಿಗಲ್ವಾ ಬೂಬಮ್ಮಾ? ಮತ್ತೆ ಮರೆತಿದ್ದು ಅವನು ಹೆಂಗೆ?”

ಈ ಪ್ರಶ್ನೆಯನ್ನು ಹಿಡಿದು ಹಿಂದಕ್ಕೆ ಹೋದರೆ ಸಿಗುವುದು ಮಹಾಭಾರತದ ಆದಿಪರ್ವ. ಅಲ್ಲಿ ದೂರ್ವಾಸನೂ ಇಲ್ಲ, ಉಂಗುರವೂ ಇಲ್ಲ. ಮಗನನ್ನು ಕರೆದುಕೊಂಡು ಬಂದ ಶಕುಂತಲೆಯನ್ನು ರಾಜ ಎಲ್ಲ ನೆನಪಿದ್ದೂ ಅಲ್ಲಗಳೆಯುತ್ತಾನೆ. ಅವಳು ತಲೆ ತಗ್ಗಿಸುವುದಿಲ್ಲ, ತುಂಬಿದ ಸಭೆಯಲ್ಲೇ ವಾದಿಸುತ್ತಾಳೆ. ಕೊನೆಗೆ ಅಶರೀರವಾಣಿ ಸಾಕ್ಷಿ ಹೇಳಬೇಕಾಗುತ್ತದೆ. ಆಗ ರಾಜ, ನನಗೆ ಗೊತ್ತೇ ಇತ್ತು, ಇವಳ ಮಾತೊಂದನ್ನೇ ನಂಬಿ ಒಪ್ಪಿದ್ದರೆ ಜನ ಸಂಶಯಪಡುತ್ತಿದ್ದರು ಎನ್ನುತ್ತಾನೆ.

ಇಂಥವನನ್ನು ನಾಯಕನನ್ನಾಗಿ ಮಾಡುವುದು ಕಷ್ಟ. ಕಾಳಿದಾಸ ಶಾಪವನ್ನೂ ಉಂಗುರವನ್ನೂ ತಂದ. ಸುಳ್ಳು ಮರೆವಾಯಿತು, ತಪ್ಪು ಋಷಿಯ ಸಿಟ್ಟಿನ ಪಾಲಾಯಿತು. ಅದ್ಭುತ ನಾಟಕವೇನೋ ಹೌದು, ಆದರೆ ದುಷ್ಯಂತನಿಗೆ ಇದಕ್ಕಿಂತ ಒಳ್ಳೆಯ ವಕೀಲ ಸಿಗಲಾರ. ಇಷ್ಟಾದರೂ ಆ ನಾಟಕದೊಳಗೇ ಕವಿ ಇನ್ನೊಂದು ದೃಶ್ಯ ಇಟ್ಟಿದ್ದಾನೆ. ಮೀನಿನ ಹೊಟ್ಟೆಯಲ್ಲಿ ರಾಜನ ಉಂಗುರ ಸಿಕ್ಕ ಬಡ ಬೆಸ್ತನನ್ನು ಕಾವಲುಗಾರರು ಕಳ್ಳನೆಂದು ಹಿಡಿದು ಹೊಡೆಯುತ್ತಾರೆ. ಉಂಗುರವಿಲ್ಲದ ಹೆಣ್ಣು ಸುಳ್ಳುಗಾತಿ, ಉಂಗುರ ಇದ್ದ ಬಡವ ಕಳ್ಳ. ರಾಜ ಮಾತಾಡುವುದು ಸಂಸ್ಕೃತ. ಶಕುಂತಲೆ ಮತ್ತು ಬೆಸ್ತನದು ಪ್ರಾಕೃತ.

ಕಥೆ ಮುಂದೆ ಪ್ರಯಾಣ ಮಾಡಿದ್ದು ಶಾಪದ ಜೊತೆಗೇ. 1801ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಕಾಜಿಂ ಅಲಿ ಜವಾನ್ ಬ್ರಜ್ ಭಾಷೆಯ ಕೃತಿಯೊಂದರಿಂದ ಶಕುಂತಲೆಯನ್ನು ಉರ್ದುವಿಗೆ ತಂದರು. 1880ರ ದಶಕದಲ್ಲಿ ಮೈಸೂರು ಅರಮನೆಯ ಬಸವಪ್ಪ ಶಾಸ್ತ್ರಿಗಳು ಕನ್ನಡಿಸಿ ‘ಅಭಿನವ ಕಾಳಿದಾಸ’ ಎನಿಸಿಕೊಂಡರು. ಅರಮನೆಯ ರಂಗದ ನಂತರ ಕಂಪನಿ ನಾಟಕ, ಆಮೇಲೆ ಸಿನಿಮಾ. ರಾಜ್‌ಕುಮಾರ್ ಬೆಳೆದದ್ದೂ ಗುಬ್ಬಿ ಕಂಪನಿಯಲ್ಲೇ. ಅವರನ್ನು ದೇವರಂತೆ ಕಾಣುತ್ತಿದ್ದ ಪೀಣ್ಯದ ಬಯಲಲ್ಲಿ ಆದಿಪರ್ವದ ದುಷ್ಯಂತನನ್ನು ತೋರಿಸಿದ್ದರೆ ಪರದೆ ಉಳಿಯುತ್ತಿರಲಿಲ್ಲವೇನೋ!

ಅಕ್ಕ ಸಿನಿಮಾ ಪೂರ್ತಿ ನೋಡಲಿಲ್ಲ, ಬೆಳಿಗ್ಗೆ ಬೇಗ ಕೆಲಸಕ್ಕೆ ಹೋಗಬೇಕಿತ್ತು. ಮರುದಿನ ಸಂಜೆ ನಲ್ಲಿಯ ಹತ್ತಿರ ಅಮ್ಮಿಯನ್ನು ಕೇಳಿದಳು: “ತಪ್ಪಾಯ್ತು ಅಂದನಾ?” ಅಮ್ಮಿಗೆ ನೆನಪಿರಲಿಲ್ಲ. ನಾಟಕದ ಏಳನೆಯ ಅಂಕದಲ್ಲಿ ದುಷ್ಯಂತ ಶಕುಂತಲೆಯ ಕಾಲಿಗೆ ಬೀಳುತ್ತಾನೆಂದು ನಾನು ಓದಿದ್ದು ಎಷ್ಟೋ ವರ್ಷಗಳ ನಂತರ. ಅಷ್ಟರಲ್ಲಿ ಅಕ್ಕ ಆ ಮನೆ ಖಾಲಿ ಮಾಡಿದ್ದಳು.