ಹುಲಿ ಹೋಯಿತು, ಚಿರತೆ ಉಳಿಯಿತು

ಪಡುಬಿದ್ರಿಯಲ್ಲಿ ಈಗ ‘ಪಿಲಿ’ ಎಂದರೆ ನಮಗೆ ನೆನಪಾಗುವುದು ಹುಲಿವೇಷ. ಹಿರಿಯರಿಗೆ ಅದು ದನದ ಹಟ್ಟಿಯ ಭಯ. ಹುಲಿಯನ್ನು ಅವರು ದೈವದ ಜೊತೆಗೂ ನಂಬಿದರು. ಪಕ್ಕದ ಕಾಪುವಿನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಪಿಲಿಕೋಲದಲ್ಲಿ ಹುಲಿ ಬೆನ್ನಟ್ಟಿದರೆ ಜನ ಇಂದಿಗೂ ಓಡುತ್ತಾರೆ. ಅದು ಮುಟ್ಟಿದರೆ ಕೇಡು ಎಂಬ ನಂಬಿಕೆ.

ನಮ್ಮ ಊರು 1956ರವರೆಗೆ ಮದರಾಸಿಗೆ ಸೇರಿತ್ತು. ಅಲ್ಲಿನ ಬ್ರಿಟಿಷ್ ಸರಕಾರ ಹುಲಿ, ಚಿರತೆ ಕೊಂದವರಿಗೆ ಇನಾಮು ಕೊಡುತ್ತಿತ್ತು. ಬೇಟೆ ನಡೆಯಿತು, ಕಾಡು ಕರಗಿತು, ಕರಾವಳಿಯ ಊರುಗಳಿಂದ ಹುಲಿ ಮರೆಯಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬರುವಾಗ ನಮ್ಮ ಸುತ್ತ ಉಳಿದದ್ದು ಚಿರತೆ. ಅದಕ್ಕೆ ದೊಡ್ಡ ಕಾಡು ಬೇಡ. ಅಡಗಲು ಹಾಡಿ, ತಿನ್ನಲು ನಾಯಿ, ಕೋಳಿ ಸಾಕು. ನಾಯಿಯ ಬೆನ್ನು ಹತ್ತಿ ಬಂದ ಚಿರತೆ ಬಾವಿಗೆ ಬೀಳುವುದು ಜಿಲ್ಲೆಯಲ್ಲಿ ಮತ್ತೆ ಮತ್ತೆ ಕೇಳುವ ಸುದ್ದಿ.

ಆಗ ನಾವು ಮಾಡುವುದೇನು? ಮೊಬೈಲ್ ಹಿಡಿದು ಬಾವಿಯ ಸುತ್ತ ಮುತ್ತುತ್ತೇವೆ. ಹೆದರಿದ ಚಿರತೆ ಮೇಲೆ ಬಂದರೆ ಎದುರು ಸಿಕ್ಕವರ ಮೇಲೇ ಹಾರಬಹುದು. ಕೋಲದ ಹುಲಿಗೆ ಬಿಡುವಷ್ಟು ದಾರಿಯನ್ನು ನಿಜವಾದ ಚಿರತೆಗೂ ಬಿಡೋಣ. ಅರಣ್ಯ ಇಲಾಖೆಗೆ ಫೋನ್ ಮಾಡಿ ದೂರ ನಿಲ್ಲೋಣ. ಬಾವಿಗೆ ಕಟ್ಟೆ ಕಟ್ಟಿಸೋಣ, ರಾತ್ರಿ ನಾಯಿಯನ್ನು ಒಳಗೆ ಕಟ್ಟೋಣ.