ಸರ್ಗವೋ, ಸಾಲೋ? ಮಹಾಕಾವ್ಯವನ್ನು ಅಳೆಯುವ ಮಾತುಗಳು

ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ ಕಡಕೊಳ ಸಿಗುತ್ತದೆ. ಅಲ್ಲಿಂದ ಚಾಮರಾಜನಗರ, ಕೊಳ್ಳೇಗಾಲಗಳವರೆಗೆ ಹಬ್ಬಿರುವ ಸೀಮೆ ಎರಡು ದೊಡ್ಡ ಹಾಡುಗಥೆಗಳ ಸೀಮೆ. ಕಂಸಾಳೆ ಹಿಡಿದ ದೇವರಗುಡ್ಡರು ಮಲೆ ಮಾದೇಶ್ವರನ ಕಥೆಯನ್ನೂ, ತಂಬೂರಿ ಮೀಟುವ ನೀಲಗಾರರು ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆಯನ್ನೂ ರಾತ್ರಿಯಿಡೀ ಹಾಡುತ್ತಾರೆ. ಮಾದೇಶ್ವರನ ಕಥೆ ಒಂದೇ ರಾತ್ರಿಗೆ ಮುಗಿಯುವಂಥದಲ್ಲ. ಅದರ ಭಾಗಗಳನ್ನು ಗುಡ್ಡರು ಅಧ್ಯಾಯವೆನ್ನುವುದಿಲ್ಲ, ಸರ್ಗವೆನ್ನುವುದಿಲ್ಲ, ‘ಸಾಲು’ ಎನ್ನುತ್ತಾರೆ. ಶ್ರವಣನ ಸಾಲು, ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಜುಂಜೇಗೌಡನ ಸಾಲು ಹೀಗೆ. ಹೊಲದಲ್ಲಿ ನೇಗಿಲು ಎಳೆದ ಗೆರೆಗೂ ಇದೇ ಮಾತು.

ಕಡಕೊಳದಿಂದ ಉತ್ತರಕ್ಕೆ, ಅರ್ಧ ಗಂಟೆಯ ಪ್ರಯಾಣದಷ್ಟು ದೂರದಲ್ಲಿರುವ ಮೈಸೂರು ನಗರದಲ್ಲಿ ಕಾವ್ಯವನ್ನು ಕುರಿತ ಮಾತುಗಳೇ ಬೇರೆ. 1891ರಲ್ಲಿ ಇಲ್ಲಿ ಸ್ಥಾಪನೆಯಾದ ಓರಿಯಂಟಲ್ ಲೈಬ್ರರಿ ತಾಳೆಗರಿಯ ಗ್ರಂಥಗಳನ್ನು ಕೂಡಿಹಾಕಿತು. 1916ರಲ್ಲಿ ಆರಂಭವಾದ ವಿಶ್ವವಿದ್ಯಾನಿಲಯ ಅವುಗಳ ಅಧ್ಯಯನವನ್ನು ಬೆಳೆಸಿತು. ಅಲ್ಲಿ ಬಳಕೆಯಾದ ಪದಗಳು ಸರ್ಗ, ಪರ್ವ, ಆಶ್ವಾಸ, ಸಂಧಿ, ವರ್ಣನೆ, ಪಾಠಾಂತರ. ಈ ಎರಡು ಶಬ್ದಕೋಶಗಳು ಒಂದಕ್ಕೊಂದು ಎದುರಾದಾಗ ಎದ್ದ ಪ್ರಶ್ನೆ ಬರಿಯ ಹೆಸರಿನದಾಗಿರಲಿಲ್ಲ. ಯಾವುದನ್ನು ಕಾವ್ಯವೆಂದು ಕಾಪಾಡಬೇಕು, ಯಾವುದನ್ನು ಬಿಟ್ಟುಬಿಡಬಹುದು ಎಂಬುದೂ ಅದರಲ್ಲಿ ಅಡಗಿತ್ತು.

‘ಮಹಾಕಾವ್ಯ’ ಎಂಬ ಪದವನ್ನೇ ನೋಡಬಹುದು. ಇಂದು ರಾಮಾಯಣ, ಮಹಾಭಾರತ, ಹೋಮರನ ಇಲಿಯಡ್ ಎಲ್ಲವನ್ನೂ ಈ ಒಂದೇ ಹೆಸರಿನಿಂದ ಕರೆಯುತ್ತೇವೆ. ಆದರೆ ಸಂಸ್ಕೃತ ಪರಂಪರೆಯಲ್ಲಿ ಮಹಾಭಾರತಕ್ಕೆ ‘ಇತಿಹಾಸ’ವೆಂದೂ ವಾಲ್ಮೀಕಿ ರಾಮಾಯಣಕ್ಕೆ ‘ಆದಿಕಾವ್ಯ’ವೆಂದೂ ಹೆಸರು. ಮಹಾಕಾವ್ಯವೆಂದರೆ ಮುಖ್ಯವಾಗಿ ಕಾಳಿದಾಸನ ರಘುವಂಶದಂತಹ, ಒಬ್ಬ ಕವಿ ಸರ್ಗಗಳಾಗಿ ಕಟ್ಟಿದ ಕೃತಿ. ಪಾಶ್ಚಾತ್ಯರ ‘ಎಪಿಕ್’ ಎಂಬ ಮಾತಿಗೆ ಕನ್ನಡದಲ್ಲಿ ಸಮಾನ ಪದ ಬೇಕಾದಾಗ ಇದೇ ಹೆಸರು ಆ ಹೊರೆಯನ್ನೂ ಹೊತ್ತುಕೊಂಡಿತು.

ಹಳೆಯ ಅರ್ಥದ ಮಹಾಕಾವ್ಯಕ್ಕೆ ಸ್ಪಷ್ಟವಾದ ಲಕ್ಷಣಗಳಿದ್ದವು. ದಂಡಿ ತನ್ನ ಕಾವ್ಯಾದರ್ಶದಲ್ಲಿ ಅದರಲ್ಲಿ ಬರಬೇಕಾದ ವರ್ಣನೆಗಳನ್ನು ಹೇಳಿದ್ದಾನೆ. ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯ, ಉದ್ಯಾನ, ಜಲಕ್ರೀಡೆ, ಮಧುಪಾನ, ಸುರತ, ವಿರಹ, ವಿವಾಹ, ಪುತ್ರಜನನ, ಮಂತ್ರಾಲೋಚನೆ, ದೌತ್ಯ, ಪ್ರಯಾಣ, ಯುದ್ಧ, ನಾಯಕನ ಅಭ್ಯುದಯ: ಇವೇ 18, ಅಷ್ಟಾದಶ ವರ್ಣನೆಗಳು. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಬಹುಮಟ್ಟಿಗೆ ದಂಡಿಯನ್ನೇ ಅನುಸರಿಸಿತು. ಆದರೂ ಕನ್ನಡದ್ದೇ ಆದ ಚತ್ತಾಣ, ಬೆದಂಡೆ ಎಂಬ ಕಾವ್ಯಪ್ರಕಾರಗಳನ್ನು ಹೆಸರಿಸುವುದನ್ನು ಅದು ಮರೆಯಲಿಲ್ಲ.

ಕನ್ನಡ ಕವಿಗಳು ಭಾಗಗಳಿಗೆ ಇಟ್ಟ ಹೆಸರುಗಳೂ ಕಾಲದಿಂದ ಕಾಲಕ್ಕೆ ಬದಲಾದವು. 941ರ ಪಂಪ ತನ್ನ ವಿಕ್ರಮಾರ್ಜುನ ವಿಜಯವನ್ನು ಗದ್ಯಪದ್ಯಗಳು ಬೆರೆತ ಚಂಪೂವಾಗಿ 14 ಆಶ್ವಾಸಗಳಲ್ಲಿ ಬರೆದ. ಆಶ್ವಾಸವೆಂದರೆ ಉಸಿರು ಬಿಡುವ ತಾಣ. ಕುಮಾರವ್ಯಾಸ ತನ್ನ ಭಾರತವನ್ನು ಭಾಮಿನಿ ಷಟ್ಪದಿಯಲ್ಲಿ 10 ಪರ್ವಗಳಾಗಿ ಹಾಡಿದ. ಪರ್ವದೊಳಗೆ ಸಂಧಿಗಳು ಬಂದವು. ಪರ್ವವೆಂದರೆ ಗಿಣ್ಣು, ಸಂಧಿಯೆಂದರೆ ಕೀಲು. ಕುವೆಂಪು ಅವರು 1949ರಲ್ಲಿ ಪ್ರಕಟವಾದ ಶ್ರೀರಾಮಾಯಣ ದರ್ಶನಂ ಕೃತಿಯನ್ನು ಸಂಪುಟ, ಸಂಚಿಕೆಗಳಾಗಿ ವಿಂಗಡಿಸಿದರು. ಹೋಮರನಲ್ಲಿ ಕಾಣುವ ದೀರ್ಘ ಹೋಲಿಕೆಗಳ ಬಗೆ ಅವರ ಕಾವ್ಯದಲ್ಲಿ ವಿಪುಲವಾಗಿರುವುದರಿಂದ ‘ಮಹೋಪಮೆ’ ಎಂಬ ಪದವೂ ವಿಮರ್ಶೆಯಲ್ಲಿ ನೆಲೆಯೂರಿತು. ಹೊಸ ಕಾವ್ಯ ಬಂದಾಗಲೆಲ್ಲ ಶಬ್ದಕೋಶ ಸ್ವಲ್ಪ ಜರುಗಿ ಜಾಗ ಕೊಟ್ಟಿದೆ.

ಹಾಡುಗಾರರ ಕಾವ್ಯಕ್ಕೆ ಜಾಗ ಸಿಕ್ಕಿದ್ದು ಮಾತ್ರ ತಡವಾಗಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜಾನಪದ ಅಧ್ಯಯನ ಬಲಗೊಂಡ ಮೇಲೆ ಜೀ.ಶಂ. ಪರಮಶಿವಯ್ಯ ಮೊದಲಾದವರು ಹಳ್ಳಿಗಳಿಗೆ ಹೋಗಿ ಹಾಡುಗಳನ್ನು ಸಂಗ್ರಹಿಸಿದರು. 1973ರಲ್ಲಿ ಪಿ.ಕೆ. ರಾಜಶೇಖರ ಅವರ ಸಂಪಾದನೆಯಲ್ಲಿ ಮಾದೇಶ್ವರನ ಕಾವ್ಯ ಅಚ್ಚಾಯಿತು. ಇಂತಹ ಕೃತಿಗಳೊಂದಿಗೆ ‘ಜನಪದ ಮಹಾಕಾವ್ಯ’ ಎಂಬ ಮಾತು ಬಳಕೆಗೆ ಬಂತು. ಅದು ಹಕ್ಕೊತ್ತಾಯದ ಮಾತು. ಓದುಬರಹವಿಲ್ಲದವರ ನಾಲಗೆಯ ಮೇಲಿದ್ದ ಕಥೆಯನ್ನು ಪಂಪ, ಕುಮಾರವ್ಯಾಸರ ಪಂಕ್ತಿಯಲ್ಲಿ ಕೂರಿಸಬಹುದೆ ಎಂಬ ಪ್ರಶ್ನೆಗೆ ಅದು ಹೌದೆಂದು ಉತ್ತರಿಸುತ್ತಿತ್ತು.

ಹಳೆಯ ಅಳತೆಗೋಲು ಇಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆ? ಸ್ವಲ್ಪ ಬರುತ್ತದೆ. ಗುಡ್ಡರ ನಿರೂಪಣೆ ಅರ್ಧ ಹಾಡು, ಅರ್ಧ ಮಾತು. ಚಂಪೂವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಸಂಕಮ್ಮನ ಸಾಲಿನಲ್ಲಿ ಪುತ್ರಜನನವೂ ಉಂಟು. ಮಕ್ಕಳಿಲ್ಲದ ಸಂಕಮ್ಮನಿಗೆ ಮಾದೇಶ್ವರ ವರ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ. ಆದರೆ ಈ ಸಾಲಿನ ಜೀವಾಳ ಅದಲ್ಲ. ಕಾಡಿಗೆ ಹೊರಟ ಗಂಡ ಹೆಂಡತಿಯ ಶೀಲದ ಬಗ್ಗೆ ಭಾಷೆ ಕೇಳುತ್ತಾನೆ, ಆಕೆ ಒಪ್ಪುವುದಿಲ್ಲ, ಆತ ಆಕೆಯನ್ನು ಹಿಂಸಿಸುತ್ತಾನೆ. ಕೇಳುವವರ ಕಣ್ಣಲ್ಲಿ ನೀರು ತರಿಸುವ ಭಾಗ ಇದು. ಹದಿನೆಂಟರ ಪಟ್ಟಿಯಲ್ಲಿ ಇದಕ್ಕೆ ಹೆಸರಿಲ್ಲ. ಜಂಗಮನ ವೇಷದಲ್ಲಿ ಬಂದ ಮಾದೇಶ್ವರನಿಗೆ ಕಾಳಮ್ಮ ಭಿಕ್ಷೆ ನಿರಾಕರಿಸುವ ಪ್ರಸಂಗಕ್ಕೂ ಅಲ್ಲಿ ಹೆಸರಿಲ್ಲ.

ಇಂಥ ಕಡೆ ನೆರವಿಗೆ ಬಂದ ಕೆಲವು ಪದಗಳು ದೂರದವು. ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ 1933ರಿಂದ 1935ರವರೆಗೆ ಯುಗೊಸ್ಲಾವಿಯದ ಹಳ್ಳಿಗಾಯಕರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡ. ಹೋಮರನ ಕಾವ್ಯ ಹೇಗೆ ಹುಟ್ಟಿರಬಹುದೆಂದು ತಿಳಿಯುವುದು ಅವನ ಉದ್ದೇಶ. ಅವನ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರಲ್ಲಿ ಆ ವಿಚಾರಗಳನ್ನು ಪುಸ್ತಕವಾಗಿ ವಿವರಿಸಿದ. ಅವರು ಕೊಟ್ಟ ಮುಖ್ಯ ಪದಗಳು ಎರಡು. ಒಂದು ‘ಫಾರ್ಮುಲಾ’, ಕನ್ನಡದಲ್ಲಿ ಸೂತ್ರ: ಛಂದಸ್ಸಿಗೆ ಒಗ್ಗಿಹೋಗಿ ಮತ್ತೆ ಮತ್ತೆ ಬರುವ ಸಿದ್ಧನುಡಿ. ಇನ್ನೊಂದು ‘ಥೀಮ್’: ಸಭೆ, ಪ್ರಯಾಣ, ಮದುವೆಗಳಂತೆ ಮರುಕಳಿಸುವ ಪ್ರಸಂಗ. ಹೋಮರನ ಅಕಿಲೀಸ್ ಓಡದೆ ಸುಮ್ಮನೆ ನಿಂತಾಗಲೂ ‘ವೇಗದ ಕಾಲಿನವನು’ ಎನಿಸಿಕೊಳ್ಳುತ್ತಾನೆ. ನಮ್ಮ ಮಾದೇಶ್ವರ ಮುನಿದಾಗಲೂ ‘ಮುದ್ದು ಮಾದೇವ’ನೇ. ಬರೆಯುವ ಕವಿಯಲ್ಲಿ ಪುನರುಕ್ತಿ ದೋಷವೆನಿಸಬಹುದು. ನೆನಪಿನಿಂದ ಕಟ್ಟಿ ಹಾಡುವವನಿಗೆ ಅದು ಆಧಾರ.

ಅತಿ ಹೆಚ್ಚಿನ ಅಪಾಯವಿದ್ದದ್ದು ಗ್ರಂಥಸಂಪಾದನೆಯ ಪದಗಳಲ್ಲಿ. ತಾಳೆಗರಿಯ ಹಲವು ಪ್ರತಿಗಳನ್ನು ಹೋಲಿಸಿ ಮೂಲ ಪಾಠವನ್ನು ಹುಡುಕುವುದು, ಬೇರೆಯವರು ಸೇರಿಸಿದ್ದನ್ನು ‘ಪ್ರಕ್ಷಿಪ್ತ’ವೆಂದು ಬದಿಗಿಡುವುದು ಪಂಪನ ಕೃತಿಗೆ ತಕ್ಕ ಕ್ರಮ. ಅಲ್ಲಿ ಒಬ್ಬ ಕವಿ, ಒಂದು ಮೂಲ ಇದೆ. ಅದೇ ಕ್ರಮವನ್ನು ಗುಡ್ಡರ ಹಾಡಿಗೆ ಹಚ್ಚಿದರೆ ಏನಾಗುತ್ತದೆ? ಒಂದು ಮೇಳ ಹಾಡಿದ್ದು ಶುದ್ಧ, ಇನ್ನೊಂದು ಮೇಳದ್ದು ಅಶುದ್ಧವೆಂದು ತೀರ್ಮಾನಿಸಬೇಕಾಗುತ್ತದೆ. ಹಾಡುಗಾರ ಆ ರಾತ್ರಿಯ ಕೇಳುಗರಿಗಾಗಿ ಹಿಗ್ಗಿಸಿದ ಭಾಗ ಕತ್ತರಿಗೆ ಸಿಗುತ್ತದೆ.

ಇದಕ್ಕೆ ಬೇರೊಂದು ದಾರಿ ಕರ್ನಾಟಕದ ಕರಾವಳಿಯಲ್ಲಿಯೇ ಕಂಡಿತು. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಅವರೊಡನೆ 1990ರಲ್ಲಿ ಬೆಳ್ತಂಗಡಿ ಸೀಮೆಯ ಗೋಪಾಲ ನಾಯ್ಕರಿಂದ ತುಳುವಿನ ಸಿರಿ ಕಾವ್ಯವನ್ನು ಧ್ವನಿಮುದ್ರಿಸಿದರು. 1998ರಲ್ಲಿ ಪ್ರಕಟವಾದ ಆ ಪಠ್ಯದ ಉದ್ದ 15,683 ಪಂಕ್ತಿ, ಹೆಚ್ಚುಕಡಿಮೆ ಇಲಿಯಡ್‌ನಷ್ಟೇ. ಗಾಯಕನ ಮನಸ್ಸಿನಲ್ಲಿರುವ ಕಥೆಯ ಹಂದರವನ್ನು ಹೊಂಕೊ ‘ಮಾನಸಿಕ ಪಠ್ಯ’ವೆಂದು ಕರೆದರು. ಸಂದರ್ಭಕ್ಕೆ ತಕ್ಕಂತೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಈ ದೃಷ್ಟಿಯಲ್ಲಿ ಯಾವ ಹಾಡಿಕೆಯೂ ಇನ್ನೊಂದರ ಕೆಟ್ಟ ನಕಲಲ್ಲ.

ಹಾಗೆ ನೋಡಿದರೆ ಗುಡ್ಡರ ‘ಸಾಲು’ ಎಂಬ ಮಾತಿನಲ್ಲಿಯೇ ಈ ತಿಳಿವಳಿಕೆ ಇತ್ತು. ಸರ್ಗಕ್ಕೆ ಪುಸ್ತಕದಲ್ಲಿ ಕ್ರಮಸಂಖ್ಯೆಯಿದೆ. ಮೂರನೆಯದು ಎರಡನೆಯದರ ಮುಂದೆಯೇ ಬರಬೇಕು. ಸಾಲಿಗೆ ಆ ಕಟ್ಟಿಲ್ಲ. ಸಂಕಮ್ಮನ ಸಾಲನ್ನೊಂದನ್ನೇ ಹಾಡಿದರೂ ಅದು ಪೂರ್ಣ ಕಥೆ. ಬೇರೆ ಸಾಲುಗಳ ಜೊತೆ ಸೇರಿದರೆ ಮಹಾಕಾವ್ಯ. ಯಾವ ರಾತ್ರಿ ಯಾವ ಸಾಲೆಂಬುದು ಹಾಡುವವರು, ಹಾಡಿಸುವವರು ಕೂಡಿ ನಿರ್ಧರಿಸಿಕೊಳ್ಳುವ ವಿಷಯ.