ಅಂಧರು ಚೆಸ್ ಆಡುವುದು ಪವಾಡವೇ? ಇಲ್ಲಿದೆ ಬೋರ್ಡ್ ಮತ್ತು ನಿಯಮಗಳ ನಿಜ ಸಂಗತಿ

ಕಣ್ಣು ಕಾಣದ ಹುಡುಗನೊಬ್ಬ ಬೋರ್ಡಿನ ಮೇಲೆ ಬೆರಳಾಡಿಸುತ್ತ ಚೆಸ್ ಆಡುವ ವಿಡಿಯೊ. ಕೆಳಗೆ ‘ದೇವರು ಕಣ್ಣು ಕಿತ್ತುಕೊಂಡು ದಿವ್ಯದೃಷ್ಟಿ ಕೊಟ್ಟಿದ್ದಾನೆ, ಎಲ್ಲರಿಗೂ ಕಳಿಸಿ’ ಎಂಬಂಥ ಸಾಲು. ಇದನ್ನು ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಪವಾಡ ಎಂದುಕೊಂಡ ಕೂಡಲೇ, ನಮ್ಮ ಮನೆಯ ಅಥವಾ ಪಕ್ಕದ ಬೀದಿಯ ಅಂಧ ಮಗುವಿಗೆ ಇದು ಆಗದ ಮಾತು ಎಂದೂ ತೀರ್ಮಾನಿಸಿಬಿಡುತ್ತೇವೆ. ಹಾಗಾದರೆ ಅವರು ಆಡುವುದು ಹೇಗೆ? ನೋಡೋಣ.

ಬೋರ್ಡ್ ಹೇಗಿರುತ್ತದೆ?

ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ, ಅಂಧ ಆಟಗಾರರಿಗಾಗಿ ಪ್ರತ್ಯೇಕ ಮಾರ್ಗಸೂಚಿಯನ್ನೇ ಮಾಡಿದೆ. ಅದರ ಪ್ರಕಾರ ಬೋರ್ಡ್ ಕನಿಷ್ಠ 20 ಸೆಂ.ಮೀ. ಉದ್ದ, ಅಷ್ಟೇ ಅಗಲ ಇರಬೇಕು. ಕಪ್ಪು ಮನೆಗಳು ಬಿಳಿ ಮನೆಗಳಿಗಿಂತ ತುಸು ಎತ್ತರ. ಪ್ರತಿ ಮನೆಯಲ್ಲೂ ಒಂದು ಸಣ್ಣ ರಂಧ್ರ, ಪ್ರತಿ ಕಾಯಿಯ ಬುಡದಲ್ಲಿ ಅದಕ್ಕೆ ಕೂರುವ ಒಂದು ಮೊಳೆ. ಬೆರಳಿಗೆ ತಿಳಿಯುವಂತೆ ಕಪ್ಪು ಕಾಯಿಗಳ ಮೇಲೆ ಗುರುತು ಇರುತ್ತದೆ. ಹಾಗಾಗಿ ಎಷ್ಟು ಸಲ ಕೈಯಾಡಿಸಿದರೂ ಕಾಯಿಗಳು ಅಲ್ಲಾಡುವುದಿಲ್ಲ.

ಚೆಸ್‌ನಲ್ಲಿ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು ಎಂಬ ನಿಯಮವಿದೆಯಲ್ಲ? ಇಲ್ಲಿ ಕಾಯಿಯನ್ನು ರಂಧ್ರದಿಂದ ಹೊರತೆಗೆದರೆ ಮಾತ್ರ ‘ಮುಟ್ಟಿದಂತೆ’.

ಎದುರಾಳಿಯ ನಡೆ ತಿಳಿಯುವುದು ಹೇಗೆ?

ಇಬ್ಬರ ಮುಂದೆಯೂ ಒಂದೊಂದು ಬೋರ್ಡ್ ಇರುತ್ತದೆ. ಒಬ್ಬರು ತಮ್ಮ ನಡೆಯನ್ನು ಜೋರಾಗಿ ಹೇಳುತ್ತಾರೆ. ಇನ್ನೊಬ್ಬರು ಅದನ್ನು ಪುನರುಚ್ಚರಿಸಿ ತಮ್ಮ ಬೋರ್ಡಿನಲ್ಲೂ ನಡೆಸುತ್ತಾರೆ. ಬಿ, ಸಿ, ಡಿ, ಇ ಅಕ್ಷರಗಳು ಕಿವಿಗೆ ಹೆಚ್ಚುಕಡಿಮೆ ಒಂದೇ ಥರ ಕೇಳುವುದರಿಂದ ಅವುಗಳಿಗೆ ಹೆಸರಿಟ್ಟಿದ್ದಾರೆ. ಎ ಎಂದರೆ ಅನ್ನಾ, ಬಿ ಎಂದರೆ ಬೆಲ್ಲಾ, ನಂತರ ಸೀಸರ್, ಡೇವಿಡ್, ಇವಾ, ಫೆಲಿಕ್ಸ್, ಗುಸ್ತಾವ್, ಹೆಕ್ಟರ್. ಗಡಿಯಾರಕ್ಕೆ ಮುಟ್ಟಿ ತಿಳಿಯುವ ಉಬ್ಬು ಚುಕ್ಕೆಗಳಿರುತ್ತವೆ, ಇಲ್ಲವೇ ಇಯರ್‌ಫೋನ್‌ನಲ್ಲಿ ಸಮಯ ಹೇಳುವ ಗಡಿಯಾರ ಇರುತ್ತದೆ. ನಡೆಗಳನ್ನು ಬ್ರೈಲ್‌ನಲ್ಲಿ ಬರೆದುಕೊಳ್ಳಬಹುದು ಅಥವಾ ಧ್ವನಿಮುದ್ರಿಸಬಹುದು.

ಅವರಿಗೆ ವಿಶೇಷ ಶಕ್ತಿ ಇರುತ್ತದೆಯೇ?

ಚೆಸ್ ಆಡಲು ಅಂಥದ್ದೇನೂ ಬೇಕಿಲ್ಲ. 1973ರಲ್ಲಿ ಚೇಸ್ ಮತ್ತು ಸೈಮನ್ ಎಂಬ ವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ನಿಜವಾದ ಆಟದ ಬೋರ್ಡನ್ನು ಐದು ಸೆಕೆಂಡ್ ತೋರಿಸಿದರೆ, ನುರಿತ ಆಟಗಾರ ಹೊಸಬರಿಗಿಂತ ಎಷ್ಟೋ ಹೆಚ್ಚು ಕಾಯಿಗಳ ಜಾಗ ನೆನಪಿಟ್ಟುಕೊಂಡ. ಅದೇ ಕಾಯಿಗಳನ್ನು ಅಡ್ಡಾದಿಡ್ಡಿಯಾಗಿ ಜೋಡಿಸಿ ತೋರಿಸಿದಾಗ ಆ ಮೇಲುಗೈ ಹೆಚ್ಚುಕಡಿಮೆ ಮಾಯ! ಅಂದರೆ ಇದು ಬೋರ್ಡಿನ ಫೋಟೊ ತೆಗೆದಿಟ್ಟುಕೊಳ್ಳುವ ಮೆದುಳಲ್ಲ. ವರ್ಷಗಟ್ಟಲೆ ಆಡಿ ಆಡಿ ಕಾಯಿಗಳ ವಿನ್ಯಾಸಗಳು ಪರಿಚಿತವಾಗಿರುತ್ತವೆ, ಅಷ್ಟೇ. ಈ ಪರಿಚಯ ಕಣ್ಣಿನಿಂದಲೇ ಆಗಬೇಕೆಂದಿಲ್ಲ, ಬೆರಳಿನಿಂದಲೂ ಆಗುತ್ತದೆ.

ಕಣ್ಣಿಗೆ ಬಟ್ಟೆ ಕಟ್ಟಿ ಆಡುವ ‘ಬ್ಲೈಂಡ್‌ಫೋಲ್ಡ್’ ಚೆಸ್ ಬೇರೆ. ಅಲ್ಲಿ ಬೋರ್ಡ್ ಮುಟ್ಟುವಂತಿಲ್ಲ, ಎಲ್ಲವೂ ಮನಸ್ಸಿನಲ್ಲೇ. ಕಣ್ಣು ಕಾಣುವ ಗ್ರ್ಯಾಂಡ್‌ಮಾಸ್ಟರ್ ತಿಮೂರ್ ಗರಯೇವ್ 2016ರಲ್ಲಿ ಹೀಗೆ ಒಟ್ಟಿಗೆ 48 ಆಟ ಆಡಿದ್ದರು. ಅಭ್ಯಾಸದಿಂದ ಏನಾಗುತ್ತದೆ ಎಂಬುದಕ್ಕೆ ಇದೂ ಒಂದು ಉದಾಹರಣೆ.

ಎಲ್ಲರ ಜೊತೆ ಸ್ಪರ್ಧಿಸಬಹುದೇ?

ಖಂಡಿತ. ಆಟ ಅದೇ, ಗೆಲ್ಲುವ ಸೋಲುವ ಲೆಕ್ಕವೂ ಅದೇ. ಒಬ್ಬರು ಅಂಧರಾಗಿದ್ದು ಇನ್ನೊಬ್ಬರಿಗೆ ಕಣ್ಣು ಕಾಣುತ್ತಿದ್ದರೆ, ಇಬ್ಬರಲ್ಲಿ ಯಾರು ಬೇಕಾದರೂ ಎರಡು ಬೋರ್ಡ್ ಕೇಳಬಹುದು ಎನ್ನುತ್ತದೆ ಫಿಡೆ ಮಾರ್ಗಸೂಚಿ. ಅಂಧ ಆಟಗಾರ ಒಬ್ಬ ಸಹಾಯಕರನ್ನೂ ಇಟ್ಟುಕೊಳ್ಳಬಹುದು. ಆದರೆ ಸಹಾಯಕರು ನಡೆ ಹೇಳುವುದು, ಬರೆದುಕೊಳ್ಳುವುದು ಇಂಥ ಕೆಲಸಕ್ಕಷ್ಟೇ. ಸಲಹೆ ಕೊಡುವಂತಿಲ್ಲ.

ಅಂಧರಿಗಾಗಿಯೇ ನಡೆಯುವ ಸ್ಪರ್ಧೆಗಳೂ ಇವೆ. ಮೊದಲ ಅಂಧರ ಚೆಸ್ ಒಲಿಂಪಿಯಾಡ್ ನಡೆದದ್ದು 1961ರಲ್ಲಿ, ಜರ್ಮನಿಯ ಮೆಶೆಡೆಯಲ್ಲಿ. ಇಲ್ಲಿ ಆಟಗಾರರನ್ನು ದೃಷ್ಟಿಯ ಪ್ರಮಾಣ ನೋಡಿ ಬಿ1, ಬಿ2, ಬಿ3 ಎಂದು ವಿಂಗಡಿಸುತ್ತಾರೆ. ಬಿ1 ಎಂದರೆ ಪೂರ್ಣ ಅಂಧತ್ವ, ಉಳಿದೆರಡು ಭಾಗಶಃ. ಆದ್ದರಿಂದ ‘ಸ್ವಲ್ಪ ಕಾಣುತ್ತಲ್ಲ, ಇವನು ನಾಟಕ ಮಾಡ್ತಿದ್ದಾನೆ’ ಎಂಬ ಕಾಮೆಂಟ್‌ಗಳಿಗೆ ಅರ್ಥವಿಲ್ಲ.

ನಮ್ಮವರು ಎಲ್ಲಿದ್ದಾರೆ?

ದೃಷ್ಟಿ ಕಳೆದುಕೊಂಡ ಚಾರುದತ್ತ ಜಾಧವ್ ಅವರು ಅಖಿಲ ಭಾರತ ಅಂಧರ ಚೆಸ್ ಒಕ್ಕೂಟ ಕಟ್ಟಿದರು. ಶಿವಮೊಗ್ಗದ ಕಿಶನ್ ಗಂಗೊಳ್ಳಿ 2018ರ ಜಕಾರ್ತಾ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಬಿ2/ಬಿ3 ವಿಭಾಗದ ರ‍್ಯಾಪಿಡ್ ಚೆಸ್‌ನಲ್ಲಿ ಚಿನ್ನ ಗೆದ್ದರು. 2023ರ ಅಕ್ಟೋಬರ್‌ನಲ್ಲಿ ಹಾಂಗ್‌ಝೌನಲ್ಲಿ ಪುರುಷರ ಬಿ1 ರ‍್ಯಾಪಿಡ್‌ನ ಮೂರೂ ಪದಕ ಭಾರತಕ್ಕೇ ಬಂದವು: ದರ್ಪಣ್ ಇನಾನಿ ಚಿನ್ನ, ಸೌಂದರ್ಯ ಕುಮಾರ್ ಪ್ರಧಾನ್ ಬೆಳ್ಳಿ, ಅಶ್ವಿನ್ ಮಕ್ವಾನಾ ಕಂಚು. ಹಾಗಿದ್ದರೂ ಪ್ಯಾರಾಲಿಂಪಿಕ್ಸ್‌ನಲ್ಲಿ ಚೆಸ್ ಇಲ್ಲ.

ನಾವೇನು ಮಾಡಬಹುದು?

• ಮನೆಯಲ್ಲಿ ಕಲಿಸಲು ಮ್ಯಾಗ್ನೆಟ್ ಬೋರ್ಡ್ ಸಾಕು. ಕಪ್ಪು ಮನೆಗಳಿಗೆ ಬಟ್ಟೆಯ ತುಂಡು ಅಂಟಿಸಿ. ಕಪ್ಪು ಕಾಯಿಗಳ ತಲೆಗೆ ದಪ್ಪ ಗೋಂದಿನ ಒಂದು ಹನಿ ಇಟ್ಟು ಒಣಗಿಸಿ.
• ಮೊಬೈಲ್‌ನಲ್ಲಿ ಸ್ಕ್ರೀನ್ ರೀಡರ್ ಬಳಸುವವರಿಗೆ ಉಚಿತ ಲಿಚೆಸ್ ತಾಣದಲ್ಲಿ ಪ್ರತ್ಯೇಕ ಮೋಡ್ ಇದೆ.
• ನಿಮ್ಮೂರಲ್ಲಿ ಟೂರ್ನಿ ನಡೆಸುವವರಿಗೆ ಎರಡು ಬೋರ್ಡ್ ನಿಯಮ ತಿಳಿಸಿ. ‘ನಮ್ಮಲ್ಲಿ ವ್ಯವಸ್ಥೆ ಇಲ್ಲ’ ಎಂದು ವಾಪಸ್ ಕಳಿಸಬೇಕಾದ ಅಗತ್ಯವಿಲ್ಲ. ಬೇಕಿರುವುದು ಇನ್ನೊಂದು ಬೋರ್ಡ್, ಜೋರಾಗಿ ನಡೆ ಹೇಳುವ ತಾಳ್ಮೆ.

ಮುಂದಿನ ಸಲ ಆ ವಿಡಿಯೊ ಬಂದರೆ ‘ಪವಾಡ’ ಎಂಬ ಸಾಲು ಅಳಿಸಿ, ಈ ಮಾಹಿತಿ ಸೇರಿಸಿ ಕಳಿಸಿ. ಚೆಸ್ ಕಲಿಯಲು ಕಾಯುತ್ತಿರುವ ಯಾವುದೋ ಮಗುವಿನ ಅಪ್ಪ ಅಮ್ಮನಿಗೆ ಅದು ತಲುಪಬಹುದು.